ಸಿಟ್ಟಿನ ಎಮೋಜಿಗೆ ಐದು ಪಟ್ಟು ಬೆಲೆ: ಫ್ಯಾಕ್ಟ್ ಚೆಕ್ ಗಲಾಟೆಯಲ್ಲಿ ಮರೆತುಹೋದ ಪ್ರಶ್ನೆ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಥ್ರೆಡ್ಸ್ ನಡೆಸುವ ಮೆಟಾ ಕಂಪನಿ 2025ರ ಜನವರಿ 7ರಂದು ಒಂದು ಘೋಷಣೆ ಮಾಡಿತು. ಪೋಸ್ಟ್‌ಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಪರೀಕ್ಷಿಸುವ ಕೆಲಸವನ್ನು, ಅಂದರೆ ಫ್ಯಾಕ್ಟ್ ಚೆಕ್ ಅನ್ನು, ಅದು ಹೊರಗಿನ ಸಂಸ್ಥೆಗಳಿಗೆ ಕೊಟ್ಟಿತ್ತು. ಅಮೆರಿಕದಲ್ಲಿ ಅದನ್ನು ನಿಲ್ಲಿಸುತ್ತೇವೆ, ಬದಲಿಗೆ ಬಳಕೆದಾರರೇ ಬರೆಯುವ ‘ಕಮ್ಯುನಿಟಿ ನೋಟ್ಸ್’ ತರುತ್ತೇವೆ ಎಂದು ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಹೇಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅದು ಜಾರಿಗೂ ಬಂತು.

ಆಮೇಲೆ ಶುರುವಾದ ಗದ್ದಲದಲ್ಲಿ ಓದುಗರಿಗೆ ತಲೆಬುಡ ಗೊತ್ತಾಗಲಿಲ್ಲ. ‘ಸುಳ್ಳಿಗೆ ಬಾಗಿಲು ತೆರೆದುಬಿಟ್ಟರು’ ಎಂದು ಒಂದು ಗುಂಪು ಕೂಗಿತು. ‘ವಾಕ್ ಸ್ವಾತಂತ್ರ್ಯ ವಾಪಸ್ ಬಂತು’ ಎಂದು ಇನ್ನೊಂದು ಗುಂಪು ಹಬ್ಬ ಮಾಡಿತು. ಎರಡೂ ಕಡೆ ಆವೇಶ ಜಾಸ್ತಿ, ವಿವರ ಕಡಿಮೆ. ಆಧಾರ ಇಟ್ಟುಕೊಂಡು ಮಾತಾಡುವುದು ಹೇಗೆ ಎನ್ನುವುದೇ ಇಲ್ಲಿನ ವಿಷಯ. ಆ ವಿಷಯದ ಚರ್ಚೆಯೇ ಆಧಾರವಿಲ್ಲದ ಕೂಗಾಟವಾಯಿತು.

ಮೊದಲು ಗೊಂದಲ ಬಿಡಿಸೋಣ

ಈ ತೀರ್ಮಾನ ಇಡೀ ಜಗತ್ತಿಗೆ ಅನ್ವಯಿಸುವಂತೆ ಬಂದದ್ದಲ್ಲ, ಮೊದಲು ಬಂದದ್ದು ಅಮೆರಿಕಕ್ಕೆ ಮಾತ್ರ. ಬೇರೆ ದೇಶಗಳ ಫ್ಯಾಕ್ಟ್ ಚೆಕ್ ಒಪ್ಪಂದಗಳನ್ನು ಆ ಘೋಷಣೆ ರದ್ದು ಮಾಡಲಿಲ್ಲ.

ಇನ್ನೊಂದು ತಪ್ಪು ಕಲ್ಪನೆಯಂತೂ ಬಹಳ ಜನರಲ್ಲಿದೆ. ಫ್ಯಾಕ್ಟ್ ಚೆಕರ್‌ಗಳು ಪೋಸ್ಟ್ ಅಳಿಸುತ್ತಿದ್ದರು ಎಂದೇ ಎಷ್ಟೋ ಮಂದಿ ನಂಬಿದ್ದಾರೆ. ಹಾಗಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಅವರ ಕೆಲಸ ಪರೀಕ್ಷಿಸಿ, ‘ಇದು ಸುಳ್ಳು’, ‘ಇದಕ್ಕೆ ಹಿನ್ನೆಲೆ ಬೇಕು’ ಎಂದು ಆಧಾರ ಸಮೇತ ಬರೆಯುವುದು. ಆ ಬರಹ ನೋಡಿ ಪೋಸ್ಟ್‌ಗೆ ಹಣೆಪಟ್ಟಿ ಹಚ್ಚುತ್ತಿದ್ದುದು, ಅದರ ಹರಡುವಿಕೆ ತಗ್ಗಿಸುತ್ತಿದ್ದುದು ಮೆಟಾ. ನಿಯಮ ಮುರಿದ ಪೋಸ್ಟ್ ತೆಗೆದುಹಾಕುತ್ತಿದ್ದುದೂ ಮೆಟಾನೇ. ರಾಜಕಾರಣಿಗಳ ಮಾತನ್ನಂತೂ ಈ ಪರೀಕ್ಷೆಯಿಂದಲೇ ಹೊರಗಿಡಲಾಗಿತ್ತು.

ಈ ಚಿಕ್ಕ ವಿವರ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು, ಅಲ್ವಾ? ‘ನನ್ನ ಪೋಸ್ಟ್ ಅಳಿಸಿದ್ದು ಯಾರು?’ ಎಂಬ ಸಿಟ್ಟು ಸರಿಯಾದ ಬಾಗಿಲಿಗೆ ಹೋಗುತ್ತಿತ್ತು.

ಎರಡು ಕಡೆಯವರು ಹೇಳುವುದೇನು?

ಜುಕರ್‌ಬರ್ಗ್ ವಾದ ಸರಳ. ಫ್ಯಾಕ್ಟ್ ಚೆಕರ್‌ಗಳಿಗೂ ರಾಜಕೀಯ ಒಲವು ಇರುತ್ತದೆ, ಯಾವುದನ್ನು ಪರೀಕ್ಷಿಸಬೇಕು ಎಂದು ಆರಿಸುವಾಗಲೇ ಅದು ಒಳಗೆ ನುಸುಳುತ್ತದೆ, ಹಾಗಾಗಿ ನಂಬಿಕೆ ಉಳಿಯಲಿಲ್ಲ ಎನ್ನುವುದು. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಒಂದೊಂದು ತೀರ್ಪೂ ಸರಿಯಾಗಿದ್ದರೂ, ಸದಾ ಒಂದೇ ಕಡೆಯ ಮಾತನ್ನು ಪರೀಕ್ಷೆಗೆ ಎತ್ತಿಕೊಂಡರೆ ಒಟ್ಟು ಚಿತ್ರ ವಾಲಬಹುದು.

ಫ್ಯಾಕ್ಟ್ ಚೆಕ್ ಸಂಸ್ಥೆಗಳ ಉತ್ತರವೂ ಗಟ್ಟಿಯಾಗಿದೆ. ನಾವು ಅಂತರರಾಷ್ಟ್ರೀಯ ಸಂಹಿತೆಗೆ ಸಹಿ ಹಾಕಿದವರು, ಪ್ರತಿ ತೀರ್ಪಿಗೂ ಆಧಾರ ಪ್ರಕಟಿಸುತ್ತೇವೆ, ತಪ್ಪಾದರೆ ತಿದ್ದುತ್ತೇವೆ, ಯಾರ ಮಾತನ್ನೂ ಅಳಿಸಿಲ್ಲ ಎನ್ನುತ್ತಾರೆ ಅವರು. ಒಂದು ಕಡೆಯಿಂದ ಸುಳ್ಳು ಜಾಸ್ತಿ ಬಂದರೆ ಹಣೆಪಟ್ಟಿಯೂ ಆ ಕಡೆಗೇ ಜಾಸ್ತಿ ಬೀಳುತ್ತದೆ, ಅದನ್ನು ಪಕ್ಷಪಾತ ಎನ್ನಲಾಗದು ಎನ್ನುವುದೂ ಅವರ ವಾದದ ಭಾಗ.

ಇದನ್ನು ತೀರ್ಮಾನಿಸುವ ದಾರಿ ಇದೆ. ಪರೀಕ್ಷೆಗೆ ಆರಿಸಿದ ಪೋಸ್ಟ್‌ಗಳ ಪಟ್ಟಿ, ಆರಿಸುವ ನಿಯಮ, ತಿದ್ದಿದ ತೀರ್ಪುಗಳ ಲೆಕ್ಕ ಎಲ್ಲವನ್ನೂ ಮೇಜಿನ ಮೇಲಿಟ್ಟು ನೋಡಬೇಕು. ಆ ಕೆಲಸ ನಿಧಾನ, ಬೇಸರದ್ದು. ಬೈದಾಡುವುದು ಸುಲಭ, ಅದಕ್ಕೇ ಎರಡನೆಯದು ನಡೆಯಿತು.

ಕಮ್ಯುನಿಟಿ ನೋಟ್ಸ್ ಒಳಗೆ ಏನಿದೆ?

ಈ ವಿಧಾನ ಮೆಟಾ ಕಂಡುಹಿಡಿದದ್ದಲ್ಲ. 2021ರ ಜನವರಿಯಲ್ಲಿ ಟ್ವಿಟರ್ ‘ಬರ್ಡ್‌ವಾಚ್’ ಎಂಬ ಹೆಸರಲ್ಲಿ ಇದನ್ನು ಶುರು ಮಾಡಿತ್ತು. ಇಲಾನ್ ಮಸ್ಕ್ ಕಂಪನಿ ಕೊಂಡ ಮೇಲೆ 2022ರಲ್ಲಿ ಈಗಿನ ಹೆಸರು ಬಂತು. ಇದು ಬಹುಮತದ ಓಟು ಅಂದುಕೊಂಡವರೇ ಜಾಸ್ತಿ. ಆದರೆ ಅದರ ಲೆಕ್ಕಾಚಾರವೇ ಬೇರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪ್ರವಾಹದ ಫೋಟೋ ಹಾಕಿ ‘ಇದು ನಿನ್ನೆ ನಡೆದದ್ದು, ಸರ್ಕಾರ ಮಲಗಿದೆ’ ಎಂದು ಯಾರೋ ಬರೆಯುತ್ತಾರೆ. ಫೋಟೋ ಹಳೆಯದು. ಅದರ ಕೆಳಗೆ ಇಬ್ಬರು ನೋಟು ಬರೆಯುತ್ತಾರೆ. ಒಬ್ಬರದು: ‘ಈ ಸುಳ್ಳುಗಾರರಿಗೆ ನಾಚಿಕೆಯೇ ಇಲ್ಲ, ಜನರ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ.’ ಇನ್ನೊಬ್ಬರದು: ‘ಈ ಫೋಟೋ ಮೂರು ವರ್ಷ ಹಿಂದಿನದು. ಮೊದಲು ಪ್ರಕಟವಾದ ಕಡೆಯ ಲಿಂಕ್ ಇಲ್ಲಿದೆ.’

ಮೊದಲ ನೋಟಿಗೆ ಸರ್ಕಾರದ ಪರ ಇರುವ ಸಾವಿರ ಜನ ‘ಉಪಯುಕ್ತ’ ಎಂದು ಒತ್ತಬಹುದು. ಆದರೂ ಅದು ಕಾಣಿಸಿಕೊಳ್ಳುವುದಿಲ್ಲ. ಯಾಕೆಂದರೆ ಯಾರು ಯಾವ ನೋಟಿಗೆ ಹಿಂದೆ ಹೇಗೆ ರೇಟಿಂಗ್ ಕೊಟ್ಟಿದ್ದರು ಎಂದು ಅಲ್ಗಾರಿದಮ್ ನೋಡುತ್ತದೆ. ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದ ಜನ ಈ ಒಂದು ನೋಟನ್ನು ಒಟ್ಟಾಗಿ ಒಪ್ಪಿದರೆ ಮಾತ್ರ ಅದು ಪೋಸ್ಟ್‌ನ ಕೆಳಗೆ ಬರುತ್ತದೆ. ಬೈಗುಳದ ನೋಟನ್ನು ಎದುರಿನವರು ಒಪ್ಪುವುದಿಲ್ಲ. ದಿನಾಂಕ ಮತ್ತು ಲಿಂಕ್ ಇರುವ ನೋಟನ್ನು ಇಷ್ಟವಿಲ್ಲದಿದ್ದರೂ ಒಪ್ಪಬೇಕಾಗುತ್ತದೆ.

ಅಂದರೆ ಇಲ್ಲಿ ಸಭ್ಯತೆಯನ್ನು ಯಾರೂ ಬೋಧಿಸುತ್ತಿಲ್ಲ. ಎದುರಾಳಿಗೂ ಒಪ್ಪಿಗೆಯಾಗುವ ಹಾಗೆ ಬರೆಯದಿದ್ದರೆ ನಿಮ್ಮ ಮಾತು ಯಾರಿಗೂ ತಲುಪುವುದಿಲ್ಲ, ಅಷ್ಟೇ. ವಿನ್ಯಾಸದಲ್ಲಿ ಇಷ್ಟು ಜಾಣತನ ಇದೆ ಎನ್ನುವುದನ್ನು ಟೀಕಿಸುವವರೂ ಒಪ್ಪಬೇಕು. ಎಕ್ಸ್‌ನಲ್ಲಿ (ಟ್ವಿಟರ್‌ನ ಈಗಿನ ಹೆಸರು) ಕೋವಿಡ್ ಲಸಿಕೆಗಳ ಬಗ್ಗೆ ಬಂದ ನೋಟುಗಳನ್ನು ಪರಿಶೀಲಿಸಿದ 2024ರ ಅಧ್ಯಯನವೊಂದು ಅವುಗಳಲ್ಲಿ ಬಹುಪಾಲು ನಿಖರವಾಗಿದ್ದವು ಎಂದೇ ಹೇಳಿತು.

ತೊಂದರೆ ಇರುವುದು ಬೇರೆ ಕಡೆ. ಎರಡೂ ಕಡೆಯ ಒಪ್ಪಿಗೆ ಸಿಗುವುದಕ್ಕೆ ಸಮಯ ಬೇಕು. ಅಷ್ಟರಲ್ಲಿ ಪೋಸ್ಟ್ ಊರೆಲ್ಲಾ ಸುತ್ತಿ ಬಂದಿರುತ್ತದೆ. ಜನ ತೀವ್ರವಾಗಿ ಒಡೆದಿರುವ ವಿಷಯದಲ್ಲಂತೂ ಒಪ್ಪಿಗೆಯೇ ಹುಟ್ಟುವುದಿಲ್ಲ. ಬರೆದ ನೋಟುಗಳಲ್ಲಿ ಬಹುಪಾಲು ಯಾರಿಗೂ ಕಾಣಿಸದೆ ಉಳಿಯುತ್ತವೆ. ತಿದ್ದುಪಡಿ ಎಲ್ಲಿ ತುರ್ತಾಗಿ ಬೇಕೋ ಅಲ್ಲೇ ಈ ವ್ಯವಸ್ಥೆ ಕೈಕಟ್ಟಿ ಕೂರುತ್ತದೆ. ಅಷ್ಟೇ ಅಲ್ಲ, ಫ್ಯಾಕ್ಟ್ ಚೆಕ್ ತೀರ್ಪು ಬಂದರೆ ಪೋಸ್ಟ್‌ನ ರೀಚ್ ಕಡಿಮೆಯಾಗುತ್ತಿತ್ತು. ಮೆಟಾದ ಹೊಸ ನೋಟುಗಳಿಗೆ ಆ ಶಕ್ತಿ ಕೊಟ್ಟಿಲ್ಲ. ನೋಟು ಬಂದರೂ ಪೋಸ್ಟ್ ಓಡುತ್ತಲೇ ಇರುತ್ತದೆ.

ಸಿಟ್ಟಿಗೆ ಕಾಲು ಕೊಟ್ಟವರು ಯಾರು?

ತಿದ್ದುವವರು ಯಾರು ಎಂದು ಎಲ್ಲರೂ ಕೇಳಿದರು. ತಿದ್ದಬೇಕಾದ ಪೋಸ್ಟ್ ಅಷ್ಟು ಬೇಗ ಹೇಗೆ ಹರಡಿತು ಎಂದು ಕೇಳಿದವರು ಕಡಿಮೆ. ನನ್ನ ಪ್ರಕಾರ ಈ ಇಡೀ ವಿವಾದದಲ್ಲಿ ಮರೆತುಹೋದ ಪ್ರಶ್ನೆ ಇದೇ.

2016ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಜೊತೆಗೆ ಹೊಸ ಎಮೋಜಿಗಳನ್ನು ತಂದಿತು. ಪ್ರೀತಿ, ನಗು, ಬೆರಗು, ದುಃಖ, ಕೋಪ. ಮರುವರ್ಷದಿಂದ ಒಂದು ಲೈಕ್‌ಗೆ ಒಂದು ಅಂಕವಾದರೆ ಇಂಥ ಒಂದು ಎಮೋಜಿಗೆ ಐದು ಅಂಕ ಎಂದು ಕಂಪನಿಯ ಒಳಗಿನ ಲೆಕ್ಕ ನಡೆಯಿತು. ಹೆಚ್ಚು ಅಂಕ ಬಂದ ಪೋಸ್ಟ್ ಹೆಚ್ಚು ಜನರ ಫೀಡ್‌ಗೆ ಹೋಗುತ್ತದೆ. ಓದಿ ಒಪ್ಪಿಕೊಂಡು ಲೈಕ್ ಒತ್ತಿದ ಐದು ಜನರಿಗೂ, ಕೆಂಡಾಮಂಡಲವಾಗಿ ಕೋಪದ ಮುಖ ಒತ್ತಿದ ಒಬ್ಬರಿಗೂ ಒಂದೇ ತೂಕ. ಕೋಪದ ಎಮೋಜಿ ಜಾಸ್ತಿ ಬೀಳುವ ಪೋಸ್ಟ್‌ಗಳಲ್ಲಿ ತಪ್ಪು ಮಾಹಿತಿ, ವಿಷ ಕಾರುವ ಮಾತು ಹೆಚ್ಚು ಇರುವುದನ್ನು ಕಂಪನಿಯ ಸಂಶೋಧಕರೇ ಗುರುತಿಸಿದ್ದರು. ಆ ತೂಕವನ್ನು ಹಂತಹಂತವಾಗಿ ಇಳಿಸಿ, ಕೋಪದ ಎಮೋಜಿಗೆ ಸೊನ್ನೆ ಅಂಕ ಕೊಟ್ಟದ್ದು 2020ರ ಸೆಪ್ಟೆಂಬರ್‌ನಲ್ಲಿ. ಇದೆಲ್ಲ ಹೊರಗೆ ಗೊತ್ತಾದದ್ದು 2021ರಲ್ಲಿ, ಫ್ರಾನ್ಸಿಸ್ ಹೌಗೆನ್ ಎಂಬ ಮಾಜಿ ಉದ್ಯೋಗಿ ಒಳಗಿನ ದಾಖಲೆಗಳನ್ನು ಹೊರತಂದಾಗ.

ಇದು ಒಂದೇ ಕಂಪನಿಯ ಕಥೆಯಲ್ಲ. 2018ರಲ್ಲಿ ಎಂಐಟಿ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಳೆದು ನೋಡಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ಸುಳ್ಳಿಗೆ ಬೇಕಾದ ಸಮಯದ ಸುಮಾರು ಆರು ಪಟ್ಟು ನಿಜಕ್ಕೆ ಬೇಕಾಯಿತು. ಇದು ಬಾಟ್‌ಗಳ, ಅಂದರೆ ತಾವಾಗೇ ಪೋಸ್ಟ್ ಹಾಕುವ ಯಾಂತ್ರಿಕ ಖಾತೆಗಳ, ಕೆಲಸ ಇರಬಹುದು ಎಂದು ಅವುಗಳನ್ನು ಲೆಕ್ಕದಿಂದ ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಹರಡಿದವರು ಮನುಷ್ಯರೇ. ಸುಳ್ಳು ಸುದ್ದಿಗೆ ಬಂದ ಉತ್ತರಗಳಲ್ಲಿ ಅಚ್ಚರಿ ಮತ್ತು ಅಸಹ್ಯ ಎದ್ದು ಕಾಣುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎನ್ನುವ ಗಾದೆ ಹುಟ್ಟಿದ್ದು ಇಂಟರ್‌ನೆಟ್‌ಗಿಂತ ಬಹಳ ಮೊದಲು. ಆ ಹಳೆಯ ಸ್ವಭಾವಕ್ಕೆ ಈಗ ಬಹುಮಾನ ಕೊಡುವ ಯಂತ್ರ ಸಿಕ್ಕಿದೆ.

ಬಹುಮಾನ ಎನ್ನುವ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ 7,331 ಜನರ 1.27 ಕೋಟಿ ಟ್ವೀಟ್‌ಗಳನ್ನು ನೋಡಿತು. ಆಕ್ರೋಶದ ಮಾತಿಗೆ ಲೈಕ್, ಶೇರ್ ಸಿಕ್ಕವರು ಮುಂದೆ ಇನ್ನಷ್ಟು ಆಕ್ರೋಶದಲ್ಲಿ ಬರೆಯತೊಡಗಿದ್ದು ಅದರಲ್ಲಿ ಕಂಡುಬಂತು. ಜನ ಕೋಪಿಷ್ಠರಾಗಿ ಬಂದು ಸೇರಿದ್ದು ಮಾತ್ರವಲ್ಲ, ಹಾಗೆ ಬರೆಯುವುದನ್ನು ಅಲ್ಲೇ ಕಲಿತರು.

ತಿದ್ದಿದರೆ ಕೇಳುವವರು ಯಾರು?

‘ಆಧಾರ ತೋರಿಸಿದರೂ ಯಾರೂ ಬದಲಾಗಲ್ಲ, ಇನ್ನೂ ಗಟ್ಟಿಯಾಗಿ ಹಟ ಹಿಡೀತಾರೆ’ ಎನ್ನುವ ಮಾತು ಈಗ ಎಲ್ಲರ ಬಾಯಲ್ಲಿದೆ. ಇದಕ್ಕೂ ಒಂದು ಅಧ್ಯಯನದ ಮೂಲ ಇದೆ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಿದ್ದುಪಡಿ ಓದಿದ ಕೆಲವರು ತಮ್ಮ ತಪ್ಪು ನಂಬಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು. ಅದು ಬಹಳ ಪ್ರಸಿದ್ಧಿ ಪಡೆಯಿತು.

ಆಮೇಲೆ ಇಬ್ಬರು ಸಂಶೋಧಕರು ಅದನ್ನೇ ದೊಡ್ಡದಾಗಿ ಪರೀಕ್ಷಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಜನ, 52 ವಿಷಯಗಳು. 2019ರಲ್ಲಿ ಅಚ್ಚಾದ ಅವರ ಫಲಿತಾಂಶ ಬೇರೆಯೇ ಆಗಿತ್ತು. ತಮ್ಮ ಪಕ್ಷದ ನಾಯಕರ ಮಾತನ್ನೇ ತಿದ್ದಿದರೂ ಒಟ್ಟಾರೆ ಜನ ಸರಿಯಾದ ಮಾಹಿತಿಯ ಕಡೆಗೇ ವಾಲಿದರು. ಹಟ ಹೆಚ್ಚಾಗುವುದು ಅಪರೂಪ ಎಂದಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮಾಹಿತಿ ತಿದ್ದಿಕೊಂಡವರು ತಮ್ಮ ನಾಯಕನನ್ನೋ ನಿಲುವನ್ನೋ ಬಿಟ್ಟುಬಿಡುತ್ತಾರೆ ಎಂದೇನೂ ಇಲ್ಲ. ‘ಹೌದು, ಆ ಅಂಕಿ ತಪ್ಪು. ಆದರೂ ನನ್ನ ಓಟು ಅವರಿಗೇ’ ಎನ್ನುವುದು ಸಹಜ, ತಪ್ಪೂ ಅಲ್ಲ. ಅಂಕಿ ಒಂದು ವಿಷಯ, ಆಯ್ಕೆ ಇನ್ನೊಂದು. ನಮ್ಮ ಹೆಚ್ಚಿನ ಜಗಳಗಳು ಹೊತ್ತಿ ಉರಿಯುವುದು ಈ ಎರಡನ್ನೂ ಕಲಸಿ ಇಡುವುದರಿಂದ. ಒಂದು ಕಾನೂನಿನಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎನ್ನುವುದಕ್ಕೆ ಉತ್ತರ ಹುಡುಕಬಹುದು. ಆ ಕಾನೂನು ನ್ಯಾಯವೇ ಎನ್ನುವುದಕ್ಕೆ ಅಂಕಿ ಮಾತ್ರ ಸಾಲದು. ಮೊದಲನೆಯದರಲ್ಲಿ ಸೋತವರು ಎರಡನೆಯದಕ್ಕೆ ಹಾರಿ, ಅಲ್ಲಿಂದ ವೈಯಕ್ತಿಕ ನಿಂದನೆಗೆ ಇಳಿದಾಗ ಚರ್ಚೆ ಹಳಿ ತಪ್ಪುತ್ತದೆ.

ಹತ್ತು ನಿಮಿಷದ ಮಾತುಕತೆ

ಹಾಗಾದರೆ ನಿಲುವೂ ಬದಲಾಗುವುದುಂಟಾ? ಇದಕ್ಕೆ ಉತ್ತರ ಸಿಕ್ಕ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದರಲ್ಲೇ ಒಂದು ಒಳ್ಳೆಯ ಮಾದರಿ ಇದೆ.

2014ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಸಿದ್ಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಬೆರಗಾಗಿಸುವ ಅಧ್ಯಯನ ಬಂತು. ಮನೆಬಾಗಿಲಿಗೆ ಹೋಗಿ ಒಂದು ಸಲ ಮಾತಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ಅಭಿಪ್ರಾಯ ಬದಲಾಗಿ, ಹಾಗೇ ಉಳಿಯುತ್ತದೆ ಎಂದಿತ್ತು ಅದು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಇಬ್ಬರು ಯುವ ಸಂಶೋಧಕರು ಅದೇ ವಿಧಾನವನ್ನು ಮುಂದುವರಿಸಲು ಹೊರಟರು. ಅವರ ಸಮೀಕ್ಷೆಗೆ ಉತ್ತರ ಕೊಟ್ಟವರ ಪ್ರಮಾಣ ಮೂಲ ಅಧ್ಯಯನ ಹೇಳಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಅನುಮಾನ ಬಂದು ಸಮೀಕ್ಷೆ ಮಾಡಿತ್ತೆನ್ನಲಾದ ಕಂಪನಿಯನ್ನೇ ಕೇಳಿದರು. ಅಂಥ ಕೆಲಸ ನಮಗೆ ಗೊತ್ತೇ ಇಲ್ಲ ಎಂದಿತು ಕಂಪನಿ.

ಅವರು ಎಲ್ಲೂ ಕೂಗಾಡಲಿಲ್ಲ. ಅಸಂಗತಗಳನ್ನು ಒಂದೊಂದಾಗಿ ಬರೆದು ಅಧ್ಯಯನದ ಹಿರಿಯ ಲೇಖಕ ಡೊನಾಲ್ಡ್ ಗ್ರೀನ್ ಅವರಿಗೆ ಕೊಟ್ಟರು. ಗ್ರೀನ್ ತಮ್ಮ ಸಹಲೇಖಕನ ಹತ್ತಿರ ಮೂಲ ದತ್ತಾಂಶ ಕೇಳಿದರು, ಅದು ಸಿಗಲಿಲ್ಲ. ತಮ್ಮ ಹೆಸರಿದ್ದ ಲೇಖನವನ್ನು ಹಿಂತೆಗೆದುಕೊಳ್ಳಿ ಎಂದು ಅವರೇ ಪತ್ರಿಕೆಗೆ ಬರೆದರು. 2015ರ ಮೇನಲ್ಲಿ ಪತ್ರಿಕೆ ಹಿಂತೆಗೆದುಕೊಂಡಿತು. ಹೆಸರು, ಕೀರ್ತಿ ಪಣಕ್ಕಿದ್ದ ಜಾಗದಲ್ಲಿ ಇಷ್ಟು ಮರ್ಯಾದೆಯಿಂದ ಸತ್ಯ ಹೊರಬಂದದ್ದು ನಿಜಕ್ಕೂ ಮೆಚ್ಚುವಂಥದ್ದು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮೋಸ ಬಯಲಿಗೆ ತಂದ ಅದೇ ಇಬ್ಬರು ಮಯಾಮಿಯಲ್ಲಿ ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿ 2016ರಲ್ಲಿ ಪ್ರಕಟಿಸಿದರು. ಈ ಸಲದ ವಿಷಯ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ. ಸುಮಾರು ಹತ್ತು ನಿಮಿಷದ ಮಾತುಕತೆ ಅದನ್ನು ತಗ್ಗಿಸಿತು, ಪರಿಣಾಮ ಕನಿಷ್ಠ ಮೂರು ತಿಂಗಳು ಉಳಿಯಿತು. ಮುಂದಿನ ಪ್ರಯೋಗಗಳಲ್ಲಿ ಇದಕ್ಕೆ ಕಾರಣವನ್ನೂ ಹುಡುಕಿದರು. ಬರೀ ವಾದ ಮಂಡಿಸಿದವರ ಮಾತು ನಾಟಲಿಲ್ಲ. ಎದುರಿನವರನ್ನು ತೂಗಿ ನೋಡದೆ ಅವರ ಅನುಭವ ಕೇಳಿ, ತಮ್ಮ ಕಡೆಯ ಅನುಭವವನ್ನೂ ಹೇಳಿದವರ ಮಾತು ನಾಟಿತು.

ಸತ್ಯವನ್ನು ಮುಖಕ್ಕೆ ಎಸೆದರೆ ಸಾಕು ಎಂದು ನಂಬಿರುವವರು ಗಮನಿಸಬೇಕಾದದ್ದು ಇದು. ಅವಮಾನ ಆದ ಕೂಡಲೇ ಮನುಷ್ಯ ವಿಷಯ ಬಿಟ್ಟು ಮಾನ ಕಾಯಲು ನಿಲ್ಲುತ್ತಾನೆ. ಆಮೇಲೆ ಎಂಥ ಆಧಾರ ಇಟ್ಟರೂ ಅದು ಏಟಿನ ಹಾಗೇ ಕಾಣುತ್ತದೆ.

ಹಾಗಾದರೆ ಸಿಟ್ಟೇ ತಪ್ಪಾ?

ಇಲ್ಲಿ ಬಲವಾದ ಆಕ್ಷೇಪ ಒಂದಿದೆ. ‘ಮೆಲ್ಲಗೆ ಮಾತಾಡಿ’ ಎನ್ನುವುದು ಎಷ್ಟೋ ಸಲ ಬಲವುಳ್ಳವರ ಆಯುಧ. ಏಟು ತಿಂದವರಿಗೆ ಧ್ವನಿ ತಗ್ಗಿಸಿ ಎಂದು ಹೇಳಿ, ಏಟು ಕೊಟ್ಟವರನ್ನು ಬಿಟ್ಟುಬಿಡುವುದು ಸಭ್ಯತೆಯಲ್ಲ.

1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಎದುರಾದದ್ದು ಇದೇ. ಪ್ರತಿಭಟನೆಗೆ ಇದು ಸಮಯವಲ್ಲ ಎಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟಿದ್ದರು. ಕಿಂಗ್ ಜೈಲಿನಿಂದಲೇ ಉತ್ತರ ಬರೆದರು. ಅದರಲ್ಲಿ ಸಿಟ್ಟಿದೆ, ನೋವಿದೆ. ಆದರೆ ಆ ಧರ್ಮಗುರುಗಳ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವ ತಾಳ್ಮೆಯೂ ಇದೆ. ಅಹಿಂಸಾ ಹೋರಾಟಕ್ಕೆ ಕಿಂಗ್ ನಾಲ್ಕು ಹೆಜ್ಜೆ ಹೇಳಿದರು. ಮೊದಲನೆಯದು, ಅನ್ಯಾಯ ನಡೆದಿದೆಯೇ ಎಂದು ತಿಳಿಯಲು ಸತ್ಯಾಂಶ ಕಲೆಹಾಕುವುದು. ಎರಡನೆಯದು ಮಾತುಕತೆ, ಆಮೇಲೆ ಆತ್ಮಶುದ್ಧಿ. ಬೀದಿಗಿಳಿಯುವುದು ಕೊನೆಯ ಹೆಜ್ಜೆ.

ಹಾಗಾಗಿ ಸಿಟ್ಟು ಮತ್ತು ಆಧಾರ ಒಂದಕ್ಕೊಂದು ವೈರಿಗಳಲ್ಲ. ಒಂದು ಪ್ರಶ್ನೆ ಎತ್ತಲು ಸಿಟ್ಟು ಬೇಕಾಗಬಹುದು. ಆ ಪ್ರಶ್ನೆಗೆ ಉತ್ತರ ಯಾವುದು ಎಂದು ಹೇಳುವ ಶಕ್ತಿ ಮಾತ್ರ ಸಿಟ್ಟಿಗಿಲ್ಲ. ಎಷ್ಟು ಜೋರಾಗಿ ಕೂಗಿದರು ಎನ್ನುವುದು ಯಾವ ಕಡೆಯ ಲೆಕ್ಕ ಸರಿ ಎನ್ನುವುದಕ್ಕೂ ಸಾಕ್ಷಿಯಲ್ಲ.

ದೊಡ್ಡ ಪ್ರಮಾಣದಲ್ಲಿ ಇದು ಆಗುವ ಮಾತೇ?

ಐರ್ಲೆಂಡ್ ಆಗುತ್ತದೆ ಎಂದು ತೋರಿಸಿತು. ಗರ್ಭಪಾತವನ್ನು ನಿರ್ಬಂಧಿಸಿದ್ದ ಸಂವಿಧಾನದ ವಿಧಿಯ ಬಗ್ಗೆ ಆ ದೇಶ ದಶಕಗಳ ಕಾಲ ಒಡೆದುಹೋಗಿತ್ತು. ಧರ್ಮ, ಹೆಣ್ಣಿನ ಹಕ್ಕು, ಹುಟ್ಟದ ಮಗುವಿನ ಜೀವ ಎಲ್ಲ ಸೇರಿದ ವಿಷಯ. 2016ರ ಕೊನೆಯಲ್ಲಿ ಲಾಟರಿ ರೀತಿ ಆರಿಸಿದ 99 ಸಾಮಾನ್ಯ ನಾಗರಿಕರು ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಕೂತರು. ಐದು ವಾರಾಂತ್ಯಗಳ ಕಾಲ ವೈದ್ಯರು, ಕಾನೂನು ತಜ್ಞರು, ಎರಡೂ ಕಡೆಯ ಸಂಘಟನೆಗಳು, ಸ್ವತಃ ಅನುಭವಿಸಿದ ಹೆಂಗಸರು ಹೇಳಿದ್ದನ್ನು ಕೇಳಿದರು. ಚಿಕ್ಕ ಚಿಕ್ಕ ದುಂಡು ಮೇಜುಗಳ ಸುತ್ತ ಚರ್ಚೆ ನಡೆಯಿತು. ಒಬ್ಬರೇ ಮಾತಾಡಿ ಮುಗಿಸದಂತೆ ನೋಡಿಕೊಳ್ಳಲು ಪ್ರತಿ ಮೇಜಿಗೂ ಒಬ್ಬ ನಿರ್ವಾಹಕರಿದ್ದರು.

ಅವರ ಶಿಫಾರಸು ಸಂಸತ್ತಿನ ಸಮಿತಿಗೆ, ಅಲ್ಲಿಂದ ಜನರ ಮುಂದೆ ಹೋಯಿತು. 2018ರ ಮೇ 25ರ ಜನಮತದಲ್ಲಿ ಶೇ 66.4 ಜನ ಬದಲಾವಣೆ ಒಪ್ಪಿದರು. ಆ ತೀರ್ಮಾನ ಎಲ್ಲರಿಗೂ ಇಷ್ಟವಾಗಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕೂಗಾಟಕ್ಕೆ ಅಂಕ ಸಿಗದ ಕೋಣೆಯಲ್ಲಿ ಅದೇ ಜನ ಬೇರೆ ಥರ ಮಾತಾಡಬಲ್ಲರು ಎನ್ನುವುದಂತೂ ಗೊತ್ತಾಯಿತು.

ಮುಂದೇನಾಗಬಹುದು?

ಮೆಟಾ ಬದಲಾವಣೆಯ ಮೊದಲ ಪೆಟ್ಟು ಹಣದ್ದು. ಅದರ ಒಪ್ಪಂದ ಅನೇಕ ಫ್ಯಾಕ್ಟ್ ಚೆಕ್ ಸಂಸ್ಥೆಗಳಿಗೆ ದೊಡ್ಡ ಆದಾಯ. ಅದು ನಿಂತರೆ ಸಿಬ್ಬಂದಿ ಕಡಿಮೆಯಾಗುತ್ತಾರೆ. ಸಿಬ್ಬಂದಿ ಕಡಿಮೆಯಾದರೆ ಫೋನ್ ಮಾಡಿ, ಕಡತ ತೆಗೆಸಿ, ಮೂಲ ವಿಡಿಯೋ ಹುಡುಕಿ ಬರೆಯುವ ವರದಿಗಳು ಕಡಿಮೆಯಾಗುತ್ತವೆ. ಕಮ್ಯುನಿಟಿ ನೋಟ್ಸ್ ಬರೆಯುವವರು ಎಷ್ಟೋ ಸಲ ಆಧಾರವಾಗಿ ಕೊಡುವ ಲಿಂಕ್ ಇಂಥ ವರದಿಗಳದ್ದೇ. ಅಂದರೆ ಹೊಸ ವ್ಯವಸ್ಥೆ ನಿಂತಿರುವ ನೆಲವೇ ಸವೆಯುತ್ತದೆ.

ಚಿಕ್ಕ ಭಾಷೆಗಳಿಗೆ ಕಷ್ಟ ಇನ್ನೂ ಜಾಸ್ತಿ. ನೋಟು ಕಾಣಿಸಿಕೊಳ್ಳಲು ಭಿನ್ನ ಅಭಿಪ್ರಾಯದ ಸಾಕಷ್ಟು ಜನ ಅದೇ ಭಾಷೆಯಲ್ಲಿ ರೇಟಿಂಗ್ ಕೊಡಬೇಕು. ಬರೆಯುವವರೇ ಬೆರಳೆಣಿಕೆಯಷ್ಟಿದ್ದರೆ ಯಂತ್ರಕ್ಕೆ ಲೆಕ್ಕ ಹಾಕಲು ಏನೂ ಇರುವುದಿಲ್ಲ.

ನನಗೆ ಕಾಣುವಂತೆ ಫ್ಯಾಕ್ಟ್ ಚೆಕ್ ಬೇಕೋ ನೋಟ್ಸ್ ಬೇಕೋ ಎನ್ನುವ ಆಯ್ಕೆಯೇ ತಪ್ಪು. ಪರಿಣತರು ಪರೀಕ್ಷಿಸಲಿ, ಅದನ್ನು ಎರಡೂ ಕಡೆಯ ಜನ ತೂಗಿ ನೋಡಲಿ. ಒಂದಕ್ಕೆ ಇನ್ನೊಂದು ಬೇಕು. ಕಂಪನಿಗಳನ್ನು ಕೇಳಬೇಕಾದ ಪ್ರಶ್ನೆಗಳು ಮಾತ್ರ ಬಹಳ ಸ್ಪಷ್ಟವಾಗಿವೆ. ಪೋಸ್ಟ್ ಬಂದು ಎಷ್ಟು ಗಂಟೆಯ ಮೇಲೆ ನೋಟು ಕಾಣಿಸಿತು? ಅಷ್ಟರಲ್ಲಿ ಎಷ್ಟು ಜನ ಆ ಪೋಸ್ಟ್ ನೋಡಿದ್ದರು? ಅವರಲ್ಲಿ ಎಷ್ಟು ಜನಕ್ಕೆ ತಿದ್ದುಪಡಿ ತಲುಪಿತು? ಭಾಷೆವಾರು ಲೆಕ್ಕ ಎಲ್ಲಿದೆ? ಮತ್ತು ಈಗ, ಈ ಹೊತ್ತು, ಯಾವ ಕಮೆಂಟಿಗೆ, ಯಾವ ಎಮೋಜಿಗೆ ನಿಮ್ಮ ಅಲ್ಗಾರಿದಮ್ ಎಷ್ಟು ಅಂಕ ಕೊಡುತ್ತಿದೆ?